ಹುಲ್ಲೂ ಬೆಳೆಯದ ಫಲವತ್ತಾದ ಗದ್ದೆ

ಮಣ್ಣು ಪರೀಕ್ಷೆ ಮಾಡುವ ಕಚೇರಿಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ಕೇಳುವವರಿದ್ದಾರೆ. ನಡೆಯುತ್ತಲೇ ಇರುತ್ತದೆ. ಆದರೆ ಕಚೇರಿಯ ವೇಳೆಯಲ್ಲಿ ನಗುವುದಕ್ಕೆ ಮೇಲಿನವರ ಅಪ್ಪಣೆ ಬೇಕಾಗಿತ್ತು. ಅಪ್ಪಣೆ ಯಾವತ್ತೂ ಬರಲಿಲ್ಲ. ಆಗ ನಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಕೊನೆಯ ಮಾತು. ಹುಣಸೂರಿನ ಎರಡು ಕೋಣೆಯ ಒಂದು ಬಾಡಿಗೆ ಮನೆಯೇ ನಮ್ಮ ಪ್ರಯೋಗಾಲಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಮಣ್ಣು ಅಲ್ಲಿಗೆ ಬರುತ್ತಿತ್ತು. ನಾವಿದ್ದದ್ದು ಮೂರು ಜನ. ಅಟೆಂಡರು ಮಣ್ಣನ್ನು ಜರಡಿ ಹಿಡಿಯುತ್ತಿದ್ದ, ಅಧಿಕಾರಿಗಳು ವರದಿಗೆ ರುಜು ಹಾಕುತ್ತಿದ್ದರು, ನಡುವೆ ನಡೆಯುವುದೆಲ್ಲ ನನ್ನ ಕೆಲಸ. ಹಾಗಾಗಿ ಈ ಪ್ರಸಂಗಗಳಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವು. ಅವೆಲ್ಲ ಒಬ್ಬ ಹೆಂಗಸಿನ ಒಂದೇ ಒಂದು ಗದ್ದೆಯ ಸುತ್ತ ನಡೆದವು.

ಕಿತ್ತಳೆ ಹೋಗಿ ಹಸಿರು

ಮಣ್ಣಿನಲ್ಲಿ ಸತ್ವ ಎಷ್ಟಿದೆ ಎಂದು ನೋಡುವ ಕ್ರಮ ಸುಲಭ. ಒಂದು ಚಿಟಿಕೆ ಮಣ್ಣನ್ನು ಗಾಜಿನ ಬುಡ್ಡಿಗೆ ಹಾಕಿ, ಕಿತ್ತಳೆ ಬಣ್ಣದ ಒಂದು ದ್ರಾವಣ ಬಿಟ್ಟು, ಮೇಲೆ ಗಂಧಕಾಮ್ಲ ಸುರಿದು ಅರ್ಧ ಗಂಟೆ ಬಿಡಬೇಕು. ಕೊಳೆತ ಎಲೆ, ಸಗಣಿ, ಬೇರು ಇವೆಲ್ಲ ಮಣ್ಣಿನಲ್ಲಿ ಇದ್ದಷ್ಟೂ ಕಿತ್ತಳೆ ಹೋಗಿ ಹಸಿರಾಗುತ್ತದೆ. ಇದಕ್ಕೆ ಸಾವಯವ ಇಂಗಾಲ ಎಂದು ಹೆಸರು. ವರದಿಯ ನಮೂನೆಯಲ್ಲಿ ಇದಕ್ಕೆ ಮೂರು ಚೌಕ: ಕಡಿಮೆ, ಮಧ್ಯಮ, ಹೆಚ್ಚು.

ಒಂದು ದಿನ ಕೃಷ್ಣರಾಜನಗರದ ಕಡೆಯಿಂದ ಗ್ರಾಮಸೇವಕರು ಕಳಿಸಿದ ಒಂದು ಮಣ್ಣು ಆಮ್ಲ ಬಿದ್ದ ಕೂಡಲೇ ಹಸಿರಾಯಿತು. ಅಷ್ಟು ಗಾಢವಾದ ಹಸಿರನ್ನು ನಾನು ಕಂಡಿರಲಿಲ್ಲ. ಅಧಿಕಾರಿಗಳನ್ನು ಕರೆದು ತೋರಿಸಿದೆ. ಅವರೂ ಸಂತೋಷಪಟ್ಟರು. "ಹೆಚ್ಚು" ಎಂಬ ಚೌಕ ಸಾಲದು ಅನಿಸಿ ಅದರ ಮುಂದೆ "ಅತಿ" ಎಂದು ಕೈಯಲ್ಲಿ ಬರೆದೆ. ಶಿಫಾರಸಿನ ಸಾಲಿನಲ್ಲಿ, "ಮಣ್ಣು ಅತ್ಯುತ್ತಮ. ಗೊಬ್ಬರದ ಅವಶ್ಯಕತೆ ಇಲ್ಲ."

ಹದಿನೈದು ದಿನಕ್ಕೆ ಆ ಗದ್ದೆಯ ಯಜಮಾನಿ ವರದಿ ಹಿಡಿದು ಬಂದರು. ಐವತ್ತರ ಆಸುಪಾಸಿನ ವಿಧವೆ. ಬಾಗಿಲಲ್ಲೇ ನಿಂತು ಕೇಳಿದರು.

"ಇದ್ರಲ್ಲಿ ಏನು ಬರ್ದಿದ್ದೀರಿ ಬುದ್ದಿ?"

"ನಿಮ್ಮ ಮಣ್ಣು ತುಂಬ ಫಲವತ್ತಾಗಿದೆಯಮ್ಮ."

"ಗರಿಕೆ ಸೈತ ಬರಕ್ಕಿಲ್ವಲ್ಲ ಬುದ್ದಿ ಅದ್ರಲ್ಲಿ. ಎರಡು ವರ್ಸದಿಂದ ನಾಟಿ ಮಾಡಿದ್ದೆಲ್ಲ ಹಳದಿಯಾಗಿ ಮಲಿಕತ್ತದೆ."

ನಾನು ಅಧಿಕಾರಿಗಳ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು.

"ಸತ್ವ ಮಿತಿಮೀರಿದರೆ ಹಾಗೂ ಆಗುವುದುಂಟು."

ಆಕೆ ಸಮಾಧಾನದಿಂದ ವಿಷಯ ಬಿಡಿಸಿ ಹೇಳಿದರು. ಗದ್ದೆಯ ಮೇಲ್ಗಡೆ ದಿಣ್ಣೆಯಲ್ಲಿ ಖಾಸಗಿ ಬಸ್ಸಿನ ಸಾಹುಕಾರರೊಬ್ಬರ ಷೆಡ್ಡಿದೆ. ದಿನಾ ಸಾಯಂಕಾಲ ಬಸ್ಸು ತೊಳೆದ ನೀರು, ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ಲು, ಚೆಲ್ಲಿದ ಡೀಸಲ್ಲು, ಎಲ್ಲವೂ ಒಂದೇ ಚರಂಡಿಯಲ್ಲಿ ಗದ್ದೆಗೆ ಇಳಿಯುತ್ತದೆ. ಚರಂಡಿ ತಿರುಗಿಸಿ, ಕೆಟ್ಟ ಮಣ್ಣು ಬದಲಾಯಿಸಿ ಕೊಡಿ ಎಂದು ಆಕೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಸಾಹುಕಾರರು ಅದಕ್ಕೆ ಉತ್ತರವಾಗಿ ನಮ್ಮ ವರದಿಯ ನಕಲನ್ನೇ ಹಾಜರುಪಡಿಸಿದ್ದರು. ಷೆಡ್ಡಿನ ನೀರಿನಿಂದ ಗದ್ದೆ ಕೆಟ್ಟಿಲ್ಲ, ಉದ್ಧಾರವಾಗಿದೆ ಎಂದು ಸರ್ಕಾರವೇ ಹೇಳಿದೆಯಲ್ಲ.

"ಬೆಳೀದಿದ್ ಗದ್ದೆ ಇಟ್ಕಂಡ್ ಏನ್ಮಾಡಿಯೇ, ಬಸ್ಸು ನಿಲ್ಸಕ್ಕೆ ನನಗೇ ಕೊಟ್ಬುಡು ಅಂತವ್ರೆ," ಎಂದರು ಆಕೆ. "ಇರೋದು ಅದೊಂದೇಯ ಬುದ್ದಿ. ಮುಂದಿನ ನಾಟಿಗೂ ಇಂಗೇ ಆದ್ರೆ ಕೊಟ್ಟೇ ಬುಡಬೇಕು."

ಆಗ ನನಗೆ ವಿಷಯ ಹೊಳೆಯಿತು. ಎಣ್ಣೆಯೂ ಇಂಗಾಲವೇ. ಭೂಮಿಯ ಮೇಲಿನ ಸಗಣಿ ಯಾವುದು, ಭೂಮಿಯ ಒಳಗಿಂದ ಬಂದ ಡೀಸಲ್ಲು ಯಾವುದು ಎಂದು ನಮ್ಮ ಕಿತ್ತಳೆ ದ್ರಾವಣ ಕೇಳುವುದಿಲ್ಲ. ಎರಡನ್ನೂ ಒಂದೇ ಗೌರವದಿಂದ ಹಸಿರು ಮಾಡುತ್ತದೆ. ಅಧಿಕಾರಿಗಳಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಹೇಳಿದರು.

"ಡೀಸಲ್ಲಿಗೆ ನಮ್ಮ ನಮೂನೆಯಲ್ಲಿ ಚೌಕ ಇಲ್ಲ."

ಮರ್ಯಾದೆಯ ಮಣ್ಣು

ವರದಿ ತಪ್ಪು ಎಂದು ಒಪ್ಪುವ ಪದ್ಧತಿ ಕಚೇರಿಯಲ್ಲಿ ಇರಲಿಲ್ಲ. ಮಾದರಿ ಸರಿಯಿಲ್ಲ ಎನ್ನುವ ಪದ್ಧತಿ ಇತ್ತು. ಅದಕ್ಕೆ ಆಧಾರವೂ ಇತ್ತು. ರೈತರಿಗೆ ಮಣ್ಣನ್ನು ಶುಭ್ರವಾದ ಬಟ್ಟೆಯ ಚೀಲದಲ್ಲಿ ಕಳಿಸಿ ಎಂದು ಸುತ್ತೋಲೆ ಹೋಗಿತ್ತು. ಶುಭ್ರವಾದ ಬಟ್ಟೆ ಇದ್ದವರು ಅದನ್ನು ಉಡುತ್ತಿದ್ದರು. ಮಣ್ಣು ಬರುತ್ತಿದ್ದದ್ದು ನಶ್ಯದ ಡಬ್ಬಿಯಲ್ಲಿ, ಹರಳೆಣ್ಣೆ ಸೀಸೆಯಲ್ಲಿ, ಸೀಮೆಎಣ್ಣೆ ಡಬ್ಬದಲ್ಲಿ.

ಇನ್ನೊಂದು ತೊಂದರೆಯೂ ಇತ್ತು. ಹಿಂದಿನ ವರ್ಷ ಅದೇ ತಾಲ್ಲೂಕಿನ ಒಬ್ಬ ರೈತರ ಮಣ್ಣು ಬಹಳ ಚೆನ್ನಾಗಿತ್ತು, ಬೆಳೆ ಮಾತ್ರ ಬಹಳ ಕೆಟ್ಟಿತ್ತು. ವಿಚಾರಿಸಿದರೆ ಅವರು ಕಳಿಸಿದ್ದು ಪಕ್ಕದವರ ಹೊಲದ ಮಣ್ಣು.

"ಸರ್ಕಾರಕ್ಕೆ ಕಳ್ಸೋದಲ್ವಾ ಸಾರ್," ಎಂದರು ಆತ, ಅದರಲ್ಲಿ ವಿಶೇಷವೇನು ಎಂಬಂತೆ. "ನಂದು ಬರೀ ಕಲ್ಲು. ಅದುನ್ನ ಎಂಗೆ ಕಳ್ಸಾನ? ಒಳ್ಳೇದು ಯಾರ್ದೈತೋ ನೋಡಿ ಕಳುಸ್ದೆ."

ಆದ್ದರಿಂದ ಅಧಿಕಾರಿಗಳು ಗದ್ದೆಯ ಯಜಮಾನಿಗೆ ಹೊಸದಾಗಿ ಮಣ್ಣು ಕಳಿಸುವಂತೆ ಹೇಳಿದರು. "ಚೊಕ್ಕಟವಾಗಿರಬೇಕು. ವಾಸನೆ ಬರುವ ಪಾತ್ರೆಯಲ್ಲಿ ಹಾಕಬಾರದು," ಎಂದು ಎರಡು ಸಾರಿ ಎಚ್ಚರಿಸಿದರು.

ಹೊಸ ಚೀಲ ಬಂತು. ನಾನು ಗೋಣು ನೀಡಿ ಮೂಸಿದೆ. ಡೀಸಲ್ ವಾಸನೆ ಕಡಿಮೆ. ಬದಲಿಗೆ ಎಲ್ಲೋ ಪರಿಚಿತವಾದ ಇನ್ನೊಂದು ವಾಸನೆ. ಪರೀಕ್ಷೆಗೆ ಇಟ್ಟರೆ ಬುಡ್ಡಿ ಹಿಂದಿನ ಸಲಕ್ಕಿಂತ ಹಸಿರು. ನಾನು ಕೃಷ್ಣರಾಜನಗರಕ್ಕೆ ಹೋಗಿ ಆಕೆಯನ್ನು ಕೇಳಿದೆ.

"ಅಮ್ಮಾ, ಈ ಮಣ್ಣಿಗೆ ಏನು ಮಾಡಿದಿರಿ?"

"ಏನೂ ಮಾಡ್ನಿಲ್ಲ ಬುದ್ದಿ. ಚೊಕ್ಕಟವಾಗಿರ್ಬೇಕು ಅಂದ್ರಲ್ಲ. ಬಿಸಿಲಲ್ಲಿ ಒಣಗಾಕಿ, ಜರಡಿ ಇಡ್ದು, ಸಗಣಿ ನೀರು ಚಿಮುಕ್ಸಿ ಸುದ್ದ ಮಾಡಿ ಕಳುಸ್ದೆ. ಅಂಗೇ ಕಳ್ಸಿದ್ರೆ ನೀವು ಏನಂದ್ಕತೀರ?"

ಸುದ್ದ ಮಾಡುವಾಗ ಕೈ ಧಾರಾಳವಾಗಿತ್ತು ಎಂದು ಬುಡ್ಡಿಯೇ ಹೇಳುತ್ತಿತ್ತು. ನಾನು ಬರುವ ಹೊತ್ತಿಗೆ ಅಧಿಕಾರಿಗಳು ಎರಡನೆಯ ವರದಿಗೂ ರುಜು ಹಾಕಿಬಿಟ್ಟಿದ್ದರು. "ಹಿಂದಿನ ಪರೀಕ್ಷೆಗಿಂತ ಗಣನೀಯ ಸುಧಾರಣೆ ಕಂಡುಬಂದಿದೆ." ಸಾಹುಕಾರರು ಅದರ ನಕಲಿಗೂ ಅರ್ಜಿ ಹಾಕಿದರೆಂದು ಆಮೇಲೆ ತಿಳಿಯಿತು.

ಹಾಡಿಯ ಪೆಟ್ರೋಲು

ಅಷ್ಟರಲ್ಲಿ ಹೆಗ್ಗಡದೇವನಕೋಟೆಯಿಂದ ಕಾಗದ ಬಂತು. ಕಾಡಂಚಿನ ಗಿರಿಜನರ ಒಂದು ಹಾಡಿಯಲ್ಲಿ ಜನ ಕುಡಿಯುವ ನೀರಿನ ಗುಂಡಿಯ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಟ್ಟಿದೆ, ಪೆಟ್ರೋಲು ಇರುವ ಸಂಭವವಿದೆ, ಪರೀಕ್ಷಿಸಬೇಕು. ಅಧಿಕಾರಿಗಳು ನನ್ನನ್ನು ಕಳಿಸಿದರು. "ಎಣ್ಣೆಯ ವಿಷಯ ಈಗ ನಿಮಗೆ ಅಭ್ಯಾಸವಾಗಿದೆ," ಎಂದರು.

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಹೋಟೆಲಿನ ಬೆಂಚಿನ ಮೇಲೆ ಪೆಟ್ರೋಲು ಮೂರು ಮೈಲಿ ಉದ್ದ ಆಗಿತ್ತು. ಒಬ್ಬರು, "ಇನ್ನೇನು ಅರಬ್ಬೀ ದೇಸದೋರು ಬಂದು ನಮ್ತಾವೇ ಕೊಂಡ್ಕಬೇಕು ಕಣ್ಲಾ," ಎಂದರು. ಇನ್ನೊಬ್ಬರು, "ಬರ್ಲಿ ಬುಡು, ಚಟ್ನಿ ಇಲ್ದೆ ಇಡ್ಲಿ ತಿಂದು ಓಯ್ತಾರೆ," ಎಂದು ಹೋಟೆಲಿನವರ ಕಡೆ ನೋಡಿದರು.

ಹಾಡಿಗೆ ಹೋದರೆ ಗುಂಡಿಯ ಸುತ್ತ ಮುಳ್ಳು ಹಾಕಿ ಮುಚ್ಚಿದ್ದರು. ಪೆಟ್ರೋಲು ಕಾಪಾಡಲು ಒಬ್ಬ ಕಾವಲುಗಾರ. ಹೆಂಗಸರು ಕೊಡ ಹಿಡಿದು ದೂರದ ಹೊಳೆಗೆ ಹೋಗುತ್ತಿದ್ದರು. ನಾನು ಸೀಸೆ, ಅಳತೆ ಪಟ್ಟಿ, ನೋಟ್ ಪುಸ್ತಕ ತೆಗೆದು ಗಂಭೀರವಾಗಿ ಕುಳಿತೆ. ನೀರಿನ ಮೇಲೆ ನಿಜವಾಗಿಯೂ ಬಣ್ಣ ಬಣ್ಣದ ಪದರ. ಹಾಡಿಯ ಯಜಮಾನರು, ವಯಸ್ಸಾದವರು, ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಕಡ್ಡಿ ಮುರಿದುಕೊಟ್ಟರು.

"ಒಂದ್ಸಾರಿ ಗೀಚಿ ಸ್ವಾಮಿ."

ಗೀಚಿದೆ. ಪದರ ಒಣಗಿದ ಹಾಳೆಯಂತೆ ಚೂರುಚೂರಾಗಿ ಒಡೆದು, ಒಡೆದದ್ದು ಒಡೆದ ಹಾಗೇ ನಿಂತಿತು.

"ಇದು ಕೆಮ್ಮಣ್ಣು, ಕೊಳೆತ ಎಲೆ ಸೇರಿ ಕಟ್ಟೋ ಪೊರೆ. ನಮ್ಮಜ್ಜನ ಕಾಲ್ದಿಂದ ಬೇಸಿಗೇಲಿ ಕಟ್ತದೆ. ಎಣ್ಣೆ ಆದ್ರೆ ಇಂಗೆ ಒಡೆಯಕ್ಕಿಲ್ಲ. ಗೀಚಿದ್ ಜಾಗ ತಿರ್ಗ ಕೂಡ್ಕತದೆ. ಅಲ್ಲಿ ಲಾರಿ ನಿಲ್ತಾವಲ್ಲ, ಆ ಗುಂಡೀಲಿ ಕಡ್ಡಿ ಆಡ್ಸಿ ನೋಡಿ."

ನೋಡಿದೆ. ರಸ್ತೆ ಬದಿಯ ಗುಂಡಿಯಲ್ಲಿ ಲಾರಿಯ ಎಣ್ಣೆ ಕಡ್ಡಿಯ ಹಿಂದೆಯೇ ಬಂದು ಕೂಡಿಕೊಂಡಿತು. ಇಷ್ಟು ದಿನ ಗುಂಡಿಯ ಪಕ್ಕದಲ್ಲೇ ಇದ್ದ ಇವರನ್ನು ಯಾರೂ ಏಕೆ ಕೇಳಲಿಲ್ಲ ಎಂದೆ.

"ಎಲ್ಲಾರೂ ಪೆಟ್ರೋಲ್ ಬಗ್ಗೆ ಕೇಳುದ್ರು ಸ್ವಾಮಿ," ಎಂದರು ಅವರು. "ನೀರಿನ್ ಬಗ್ಗೆ ಯಾರೂ ಕೇಳ್ನಿಲ್ಲ."

ಮುಳ್ಳು ತೆಗೆಸಿ, ಹಿಂದಿರುಗುವ ದಾರಿಯಲ್ಲಿ ಕೃಷ್ಣರಾಜನಗರಕ್ಕೂ ಹೋಗಿ ಆಕೆಯ ಗದ್ದೆಯ ನೀರಿನಲ್ಲಿ ಕಡ್ಡಿ ಆಡಿಸಿದೆ. ಪದರ ಕೂಡಿಕೊಂಡಿತು. ಮೂರು ಸಲ ಆಡಿಸಿದೆ, ಮೂರು ಸಲವೂ ಕೂಡಿಕೊಂಡಿತು. ಸಂಭ್ರಮದಿಂದ ವರದಿ ಬರೆದೆ. ಅಧಿಕಾರಿಗಳು ಓದಿ ಪೆನ್ನು ಕೆಳಗಿಟ್ಟರು.

"ಸರ್ಕಾರಿ ವರದಿಯಲ್ಲಿ ಕಡ್ಡಿ ಅಂತ ಬರೆಯೋಕಾಗಲ್ಲ. ಉಪಕರಣದ ಹೆಸರು ಬೇಕು."

"ಕಾಷ್ಠಶಲಾಕೆ" ಎಂದು ತಿದ್ದಿದೆ. ಅವರು ಒಪ್ಪಿದರು. ಆದರೆ ವರದಿ ಮೇಲಿನ ಕಚೇರಿಗೆ ಹೋಗಿ ಒಂದು ಟಿಪ್ಪಣಿಯೊಂದಿಗೆ ವಾಪಸಾಯಿತು. ಸದರಿ ಕಾಷ್ಠಶಲಾಕೆಯು ನಿಮ್ಮ ದಾಸ್ತಾನು ಪುಸ್ತಕದಲ್ಲಿ ಕಂಡುಬರುವುದಿಲ್ಲ, ಯಾವಾಗ ಪಡೆಯಲಾಯಿತು, ಈಗ ಎಲ್ಲಿದೆ?

ಬಸ್ಸಿಗಿಂತ ಮುಂಚೆ

ಕಡ್ಡಿ ಸಾಕ್ಷಿಗೆ ಆಗುವುದಿಲ್ಲ ಎಂದಾದ ಮೇಲೆ ಗಾಜಿನ ಸಾಮಾನಿಗೇ ಮರಳಬೇಕಾಯಿತು. ಕಪಾಟಿನಲ್ಲಿ ಒಂದು ಸೀಸೆ ಈಥರ್ ಇತ್ತು. ಮಣ್ಣನ್ನು ಈಥರಿನಲ್ಲಿ ಕುಲುಕಿ, ಮೇಲಿನ ತಿಳಿಯನ್ನು ಒತ್ತುಕಾಗದದ ಮೇಲೆ ತೊಟ್ಟಿಕ್ಕಿಸಿದರೆ ಈಥರ್ ಆರಿಹೋಗುತ್ತದೆ. ಎಣ್ಣೆ ಇದ್ದರೆ ಜಿಡ್ಡಿನ ಉಂಗುರ ಉಳಿಯುತ್ತದೆ. ಕೊಳೆತ ಎಲೆಯ ಕಪ್ಪು ಈಥರಿಗೆ ಇಳಿಯುವುದಿಲ್ಲ.

ಆಕೆಯ ಗದ್ದೆಯ ಮಣ್ಣು ದೊಡ್ಡ ಉಂಗುರ ಬಿಟ್ಟಿತು. ಗೆದ್ದೆ ಅಂದುಕೊಂಡೆ. ಹೋಲಿಸಿ ನೋಡಲು ಕೈಗೆ ಸಿಕ್ಕ ಇನ್ನೊಂದು ಮಣ್ಣು ತೆಗೆದುಕೊಂಡೆ. ಅದು ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪಿನ ಹೊಲದ್ದು. ಅದೂ ಉಂಗುರ ಬಿಟ್ಟಿತು.

ಎರಡು ತಾಲ್ಲೂಕಿನಲ್ಲಿ ಎಣ್ಣೆ ಹರಡಿರುವುದನ್ನು ಪತ್ತೆ ಮಾಡಿದ ನಾನು ತಡಮಾಡದೆ ಆ ಹೊಲಕ್ಕೇ ಹೋದೆ. ಕೊನೆಯ ನಾಲ್ಕು ಮೈಲಿ ನಡಿಗೆ. ಹೊಲದ ರೈತರು ಸಸಿಗೆ ನೀರು ಹನಿಸುತ್ತಿದ್ದರು.

"ನಿಮ್ಮ ಹೊಲದಲ್ಲಿ ಎಂಜಿನ್ ಆಯಿಲ್ ಇದೆ," ಎಂದೆ.

ಅವರು ಕೊಡ ಕೆಳಗಿಟ್ಟರು. ಮುಖ ಅರಳಿತು.

"ಎಂಜಿನ್ ಆಯಿಲ್ಲಾ! ನಮ್ಮೂರ್ಗೆ ಬಸ್ಸೇ ಇಲ್ಲ ಸಾರ್. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಬಸ್ಸಿಗಿಂತ ಮುಂಚೆ ಆಯಿಲ್ ಕಳ್ಸವ್ರೆ ಅಂದ್ರೆ ಇನ್ನು ಬಸ್ಸೂ ಬತ್ತದೆ ಬುಡಿ. ಲೇ, ಬರ್ರಲಾ ಇಲ್ಲಿ, ಸಾರು ಬಸ್ಸಿನ್ ಇಚಾರಕ್ಕೆ ಬಂದವ್ರೆ!"

ಹತ್ತು ಜನ ಸೇರಿದರು. ಬಸ್ಸು ಯಾವ ಮರದ ಕೆಳಗೆ ನಿಲ್ಲಬೇಕು ಎಂಬ ಚರ್ಚೆ ಶುರುವಾಗಿ ಎರಡು ಪಕ್ಷವಾಯಿತು. ಅದರ ನಡುವೆ ನಾನು ಗೊಬ್ಬರ ಏನು ಹಾಕುತ್ತೀರಿ ಎಂದು ಕೇಳಿ ತಿಳಿದುಕೊಂಡೆ. ಹೊಂಗೆ ಹಿಂಡಿ. ಗಾಣದಿಂದ ಬಂದ ಹಿಂಡಿಯಲ್ಲಿ ಹೊಂಗೆಯೆಣ್ಣೆ ಉಳಿದೇ ಇರುತ್ತದೆ. ನನ್ನ ಉಂಗುರ ಅದರದ್ದು.

ಸುದ್ದಿ ಸಾಹುಕಾರರಿಗೂ ಮುಟ್ಟಿತು. ಹೇಗೆ ಎಂದು ನಾನು ವಿಚಾರಿಸಲಿಲ್ಲ. ನಮ್ಮ ಅಟೆಂಡರು ಅವರ ಬಸ್ಸಿನಲ್ಲೇ ಊರಿಗೆ ಹೋಗಿಬರುತ್ತಿದ್ದ. "ಅವಳು ಹೊಂಗೆ ಹಿಂಡಿ ಹಾಕವ್ಳೆ, ಅದ್ರ ಎಣ್ಣೆ ಅದು," ಎಂದು ಅವರು ತಾಲ್ಲೂಕು ಕಚೇರಿಯಲ್ಲಿ ಹೇಳಿಕೆ ಕೊಟ್ಟರು. ನಾಟಿಗೆ ಒಂದು ತಿಂಗಳು ಉಳಿದಿತ್ತು.

ನಾನು ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡುವಾಗ ಉತ್ತರ ಕೈಯಲ್ಲೇ ಇತ್ತು. ಸೋಪು. ಗಿಡದ ಎಣ್ಣೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸೋಪಾಗುತ್ತದೆ. ಎಂಜಿನ್ನಿನ ಎಣ್ಣೆ ಜಪ್ಪಯ್ಯ ಅಂದರೂ ಆಗುವುದಿಲ್ಲ. ಕಚೇರಿಗೆ ಓಡಿ ಎರಡು ಮಣ್ಣಿನ ಜಿಡ್ಡನ್ನೂ ಕುದಿಸಿ, ನೀರು ಹಾಕಿ ಕುಲುಕಿದೆ. ಪಿರಿಯಾಪಟ್ಟಣದ್ದರಿಂದ ಬುಡ್ಡಿ ತುಂಬ ನೊರೆ ಬಂತು. ಗದ್ದೆಯದು ನೊರೆಯಿಲ್ಲದೆ, ಮೇಲೆ ಕಪ್ಪಗೆ ತೇಲುತ್ತಾ ಸುಮ್ಮನೆ ಕುಳಿತಿತ್ತು.

ಅಧಿಕಾರಿಗಳು ಎರಡು ಬುಡ್ಡಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರ ಅಂಗಿಯ ತೋಳಿನ ಮೇಲೆ ಬಹಳ ದಿನದ ಒಂದು ಶಾಯಿಯ ಕಲೆ ಇತ್ತು. ಪಿರಿಯಾಪಟ್ಟಣದ ನೊರೆಗೆ ಬೆರಳು ಅದ್ದಿ ಅದರ ಮೇಲೆ ಉಜ್ಜಿದರು. ಕಲೆ ಸ್ವಲ್ಪ ಹೋಯಿತು. ಅವರು ವಿಜ್ಞಾನದ ಕಡೆಗೆ ಬಂದದ್ದು ಅವತ್ತೇ.

ಮೂಗಿನ ಸರ್ವಿಸು

ಮೂರನೆಯ ವರದಿ ಬರೆಯಬಹುದು, ಆದರೆ ಈ ಸಲ ಮಣ್ಣನ್ನು ನನ್ನ ಎದುರಿಗೇ ತೆಗೆದು, ಅರಗಿನ ಮುದ್ರೆ ಹಾಕಿ, ನಾನೇ ತರಬೇಕು ಎಂದು ಅಧಿಕಾರಿಗಳು ಹೇಳಿದರು. ಕ್ರಮ ಹೀಗೆ: ಗದ್ದೆಯ ಒಂಬತ್ತು ಕಡೆ ಅಗೆದು, ಎಲ್ಲವನ್ನೂ ಬೆರೆಸಿ, ರೊಟ್ಟಿಯಂತೆ ಹರಡಿ ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಎಸೆಯಬೇಕು. ಹೀಗೆ ಎಸೆಯುತ್ತ ಎಸೆಯುತ್ತ ಒಂದು ಸೇರು ಉಳಿದಾಗ ನಿಲ್ಲಿಸಬೇಕು.

ಮೊದಲನೆಯ ಎರಡು ಭಾಗ ಎಸೆಯಲು ಹೋದಾಗ ಆಕೆ ಕೈ ಹಿಡಿದರು.

"ಯಾಕ್ ಎಸೀತೀರಿ? ಇದೂ ನಂದೇ ತಾನೆ?"

"ಕ್ರಮ ಅಮ್ಮ. ಉಳಿದದ್ದರಲ್ಲೇ ಎಲ್ಲ ತಿಳಿಯುತ್ತದೆ."

"ಎರಡು ದಪ ಉಳಿದುದ್ರಲ್ಲೇ ತಿಳ್ಕಂಡು ಏನ್ ಬರದ್ರಿ ಅಂತ ನೋಡಿವ್ನಿ. ಈ ಸಾರಿ ಎಲ್ಲಾನೂ ನೋಡಿ."

ಎಸೆಯದೆ ಎಲ್ಲವನ್ನೂ ತುಂಬಿಕೊಂಡೆ. ಒಂದು ಗೋಣಿಚೀಲ ತುಂಬ ಮಣ್ಣಾಯಿತು. ಹುಣಸೂರಿಗೆ ಹೋಗುವ ಬಸ್ಸು ಒಂದೇ, ಅದೂ ಸಾಹುಕಾರರದ್ದೇ. ಚೀಲವನ್ನು ಸೀಟಿನ ಕೆಳಗೆ ತಳ್ಳಿ ನಾನೂ ಆಕೆಯೂ ಕುಳಿತೆವು. ಎರಡು ಮೈಲಿ ಹೋಗುವಷ್ಟರಲ್ಲಿ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ಹಿಂದಿನಿಂದ ಯಾರೋ ಕೂಗಿದರು.

"ಕಂಡಕ್ಟ್ರೇ, ಯಾರೋ ಡೀಸಲ್ ತಂದವ್ರೆ ಕಣ್ರೀ! ಬೀಡಿ ಅಚ್ಚಿದ್ರೆ ಎಲ್ಲಾರೂ ಓಯ್ತೀವಿ!"

ಕಂಡಕ್ಟರು ಸೀಟಿನಿಂದ ಸೀಟಿಗೆ ಮೂಸುತ್ತ ಬಂದು ನಮ್ಮ ಹತ್ತಿರ ನಿಂತರು.

"ಅಮ್ಮೋ, ಏನದು ಮೂಟೇಲಿ?"

"ಮಣ್ಣು ಕಣಪ್ಪ."

"ಮಣ್ಣಾ? ನನ್ ಮೂಗಿಗೆ ಹದ್ನೈದು ವರ್ಸ ಸರ್ವಿಸ್ ಆಗದೆ. ಡೀಸಲ್ಲು ಅದು. ಬಸ್ಸೊಳಗೆ ತರಂಗಿಲ್ಲ, ರೂಲ್ಸು."

"ನಿನ್ ಮೂಗಿನ್ ಮ್ಯಾಲೆ ಆಣೆ, ಮಣ್ಣು."

"ಮಣ್ಣೇ ಆದ್ರೂ ಡೀಸಲ್ ಮಣ್ಣು. ಇಳೀರಿ, ಇಳೀರಿ."

ನಾನು ಸರ್ಕಾರಿ ನೌಕರ, ಇದು ಸರ್ಕಾರಿ ಮಾದರಿ ಎಂದೆ. ಕಂಡಕ್ಟರು ಅದಕ್ಕೂ ಜಗ್ಗಲಿಲ್ಲ. ಆಕೆ ಮಾತ್ರ ಜಗಳ ನಿಲ್ಲಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಖ ಬದಲಾಗಿತ್ತು.

"ಇಳೀತೀನಿ. ಯಾಕ್ ಇಳುಸ್ದೆ ಅಂತ ಬರ್ಕೊಡು."

"ಬರ್ಕೊಡದೇನು, ಟ್ರಿಪ್ ಶೀಟಲ್ಲೇ ಬರೀತೀನಿ. ಬಸ್ಸು ಲೇಟಾದ್ರೆ ನನ್ನ ಕೇಳ್ತಾರೆ ಸಾವ್ಕಾರ್ರು."

ಆ ಬಸ್ಸಿನಲ್ಲಿ ಕಂಡಕ್ಟರಾದವರು ಪ್ರತಿ ಸುತ್ತಿನ ವಿವರವನ್ನೂ ಟ್ರಿಪ್ ಶೀಟಿನಲ್ಲಿ ಎರಡು ಪ್ರತಿ ಬರೆಯಬೇಕಿತ್ತು. ಅವರು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಒತ್ತಿ ಬರೆದು, ಒಂದು ಪ್ರತಿಯನ್ನು ಹರಿದು ಆಕೆಯ ಕೈಗೆ ಕೊಟ್ಟರು. ಬಸ್ಸು ಹೊರಟುಹೋಯಿತು. ನಾವು ಎತ್ತಿನಗಾಡಿಯೊಂದು ಬರುವವರೆಗೆ ಹುಣಸೆ ಮರದ ಕೆಳಗೆ ಕುಳಿತೆವು. ಮೂರು ತಿಂಗಳು ನಾನು ನಾಲ್ಕು ತಾಲ್ಲೂಕು ಸುತ್ತಿ, ಆಮ್ಲ, ಈಥರ್, ಕಾಸ್ಟಿಕ್ ಎಲ್ಲ ಖರ್ಚು ಮಾಡಿ ಕಂಡುಹಿಡಿದದ್ದನ್ನು ಕಂಡಕ್ಟರು ಎರಡು ಮೈಲಿಯಲ್ಲಿ ಕಂಡುಹಿಡಿದಿದ್ದರು. ನಡುವೆ ಹದಿನೆಂಟು ಟಿಕೆಟ್ಟನ್ನೂ ಹರಿದಿದ್ದರು.

ಲಗೇಜು

ತನಿಖೆ ಗದ್ದೆಯ ಬದುವಿನ ಮೇಲೆ ನಡೆಯಿತು. ತಾಲ್ಲೂಕು ಕಚೇರಿಯ ರೆವಿನ್ಯೂ ಇನ್ಸ್‌ಪೆಕ್ಟರು ಕುರ್ಚಿಯಲ್ಲಿ, ಸಾಹುಕಾರರು ಕೊಡೆಯ ಕೆಳಗೆ, ನಮ್ಮ ಅಧಿಕಾರಿಗಳು ಮತ್ತು ನಾನು ಬಿಸಿಲಲ್ಲಿ. ಇನ್ಸ್‌ಪೆಕ್ಟರು ನಮ್ಮ ಮೂರು ವರದಿಯನ್ನೂ ಗಟ್ಟಿಯಾಗಿ ಓದಿಸಿದರು. ಮೊದಲನೆಯದು, ಮಣ್ಣು ಅತ್ಯುತ್ತಮ. ಎರಡನೆಯದು, ಗಣನೀಯ ಸುಧಾರಣೆ. ಮೂರನೆಯದು, ಈಥರಿನಲ್ಲಿ ಕರಗುವ, ಕ್ಷಾರದಲ್ಲಿ ಸೋಪಾಗದ ಖನಿಜ ತೈಲ ಸೇರಿ ಬೇಸಾಯಕ್ಕೆ ಅನರ್ಹ.

"ಒಂದೇ ಗದ್ದೆ, ಒಂದೇ ಕಚೇರಿ, ಒಂದೇ ರುಜು," ಎಂದರು ಇನ್ಸ್‌ಪೆಕ್ಟರು. "ಇದರಲ್ಲಿ ಯಾವುದು ನಿಜ?"

ನಮ್ಮ ಅಧಿಕಾರಿಗಳು ಎದ್ದು ನಿಂತರು. 

"ಮೂರೂ ನಿಜ," ಎಂದರು ಅವರು ನಿಧಾನವಾಗಿ. "ಮೊದಲ ಎರಡರಲ್ಲಿ ನಾವು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಇಂಗಾಲ ಎಷ್ಟಿದೆ ಅಂತ ಕೇಳಿದೆವು, ಯಾವುದು ಅಂತ ಕೇಳಲಿಲ್ಲ. ತಪ್ಪು ನಮ್ಮದು."

ಕಚೇರಿಯ ಇತಿಹಾಸದಲ್ಲಿ ಅಂಥ ಮಾತು ಅದೇ ಮೊದಲು. ಕೊನೆಯದೂ ಅದೇ.

ಸಾಹುಕಾರರು ನಕ್ಕರು. "ಸೋಪಂತೆ, ಈಥರಂತೆ. ನಮ್ ಕಣ್ಣಿಗೆ ಕಾಣ್ತಾ ಇಲ್ವಾ? ಕಾಲುವೆ ಬದಿ ಮಣ್ಣು, ಕೊಳೆತು ಕಪ್ಪಗಾಗದೆ. ತಾನಾಗೇ ಆಗಿರೋದು. ಡೀಸಲ್ಲೂ ಇಲ್ಲ, ಗೀಸಲ್ಲೂ ಇಲ್ಲ. ನನ್ ಷೆಡ್ಡಿಂದ ಒಂದು ತೊಟ್ಟು ಬಂದಿದ್ರೆ ಯಾರಾದ್ರೂ ಏಳ್ಲಿ."

ಆಕೆ ಸೊಂಟದ ಎಲೆಯಡಿಕೆ ಚೀಲದಿಂದ ಮಡಿಸಿದ ಟ್ರಿಪ್ ಶೀಟು ತೆಗೆದು ಇನ್ಸ್‌ಪೆಕ್ಟರಿಗೆ ಕೊಟ್ಟರು. ಅವರು ಓದಿದರು. ಮೇಲೆ ಸಾಹುಕಾರರ ಬಸ್ಸಿನ ಹೆಸರು ಅಚ್ಚಾಗಿತ್ತು. ಕೆಳಗೆ, "ಒಂದು ಮೂಟೆ ಡೀಸಲ್ ಮಣ್ಣು. ಪ್ಯಾಸೆಂಜರಿಗೆ ಅಪಾಯ ಎಂದು ಇಳಿಸಿದೆ. ಹತ್ತು ನಿಮಿಷ ಲೇಟು."

ಕಂಡಕ್ಟರನ್ನು ಕರೆಸಿದರು. ಸರ್ಕಾರದವರೂ ಸಾಹುಕಾರರೂ ಒಟ್ಟಿಗೆ ಕರೆದದ್ದು ನೋಡಿ, ನಿಯಮ ಪಾಲಿಸಿದ್ದಕ್ಕೆ ಬಹುಮಾನ ಇರಬೇಕು ಎಂದುಕೊಂಡು ಅವರು ಟೋಪಿ ಸರಿಮಾಡಿಕೊಂಡು ಬಂದರು.

"ಇದು ನೀವು ಬರೆದದ್ದೇ?"

"ಊ ಸಾಮಿ, ನಂದೇ ಕೈಬರ."

"ಡೀಸಲ್ ಅಂತ ಹೇಗೆ ಗೊತ್ತಾಯಿತು?"

"ಗೊತ್ತಾಗ್ದೇ ಏನು ಸಾಮಿ? ನಮ್ ಷೆಡ್ಡಲ್ಲಿ ಬರೋ ವಾಸನೇನೇ. ಅದೇ ಕರಿ ಆಯಿಲ್ಲು, ಅದೇ ಡೀಸಲ್ಲು. ಬೇರೆ ಷೆಡ್ಡಿಂದಾಗಿದ್ರೆ ಅಂಗೂ ಏಳ್ಬುಡ್ತಿದ್ದೆ."

ಸಾಹುಕಾರರು ಕೊಡೆ ಮಡಿಚಿದರು. ಇನ್ಸ್‌ಪೆಕ್ಟರು ಆ ಚೀಟಿಯನ್ನು ನಮ್ಮ ಮೂರು ವರದಿಯ ಮೇಲಿಟ್ಟು, ಹಾರದಿರಲಿ ಎಂದು ಒಂದು ಕಲ್ಲು ಹೇರಿ, ತೀರ್ಮಾನ ಬರೆಸಿದರು. ಚರಂಡಿ ಇನ್ನೊಂದು ಕಡೆಗೆ ತಿರುಗಿಸಬೇಕು. ಕೆಟ್ಟ ಮಣ್ಣನ್ನು ಒಂದು ಮೊಳ ಆಳ ಕೆರೆದು ತೆಗೆದು ಷೆಡ್ಡಿನವರೇ ತಮ್ಮ ಜಾಗಕ್ಕೆ ಸಾಗಿಸಬೇಕು. ಅಷ್ಟೇ ಪ್ರಮಾಣದ ಕೆರೆಗೋಡನ್ನು, ಅಂದರೆ ಕೆರೆಯ ತಳದ ಹೂಳು ಮಣ್ಣನ್ನು, ನಾಟಿಗೆ ಮುಂಚೆ ತಂದು ತುಂಬಬೇಕು. ಕೆರೆ ಮೂರು ಮೈಲಿ ದೂರ. ನಾಟಿಗೆ ಹನ್ನೊಂದು ದಿನ.

ಕಬ್ಬು ಸಾಗಿಸುವ ಕಾಲವಾದ್ದರಿಂದ ಊರಿನಲ್ಲಿ ಒಂದು ಗಾಡಿಯೂ ಬಿಡುವಿರಲಿಲ್ಲ, ಲಾರಿಯೂ ಸಿಗಲಿಲ್ಲ. ಸಾಹುಕಾರರ ಹತ್ತಿರ ಇದ್ದದ್ದು ಬಸ್ಸು. ಹಳೆಯದೊಂದರ ಸೀಟುಗಳನ್ನು ಬಿಚ್ಚಿಸಿ ಕೆರೆಗೆ ಕಳಿಸಿದರು. ಆಳುಗಳು ಕಿಟಕಿಯಿಂದ ಮಣ್ಣು ತುಂಬಿದರು. ಬಸ್ಸಿನ ಜೊತೆಗೆ ಕಂಡಕ್ಟರೊಬ್ಬರು ಇರಲೇಬೇಕೆಂಬ ನಿಯಮಕ್ಕಾಗಿ, ಮತ್ತು ಬೇರೆ ಕಾರಣಕ್ಕಾಗಿಯೂ, ಸಾಹುಕಾರರು ಆ ಕೆಲಸಕ್ಕೆ ಅದೇ ಕಂಡಕ್ಟರನ್ನು ಹಾಕಿದರು.

ಡ್ರೈವರಿನ ಪಕ್ಕದಲ್ಲಿ ಒಂದು ಸೀಟು ಮಾತ್ರ ಉಳಿದಿತ್ತು. ಬರುತ್ತಿರುವುದು ಕೆರೆಯ ಮಣ್ಣೇ ಹೌದೋ ಎಂದು ಕಾಯಲು ಗದ್ದೆಯ ಯಜಮಾನಿ ಪ್ರತಿ ಸುತ್ತಿನಲ್ಲೂ ಅದರ ಮೇಲೆ ಕುಳಿತು ಬಂದರು. ದಾರಿಯಲ್ಲಿ ಜನ ಕೈ ಅಡ್ಡ ಹಿಡಿಯುತ್ತಿದ್ದರು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಜಾಗ ಇಲ್ಲ, ಫುಲ್ಲು, ಫುಲ್ಲು!" ಎಂದು ಕೂಗುತ್ತಿದ್ದರು. ಜನ ಒಳಗೆ 'ಯಾರಿದ್ದಾರೆ' ಎಂದು ಬಗ್ಗಿ ನೋಡಿ ಸುಮ್ಮನಾಗುತ್ತಿದ್ದರು.

ಹತ್ತನೆಯ ದಿನ ಗದ್ದೆ ತುಂಬಿತು. ಮಾರನೆಯ ಬೆಳಿಗ್ಗೆ ಆಕೆ ನಾಟಿಗೆ ನೀರು ಕಟ್ಟಿದರು. ಆದೇಶದಂತೆ ಕೆಲಸ ಮುಗಿದಿದೆ ಎಂಬುದಕ್ಕೆ ದಾಖಲೆ ಬೇಕೆಂದು ಇನ್ಸ್‌ಪೆಕ್ಟರು ಬರೆದಿದ್ದರು. ನಮ್ಮ ಅಧಿಕಾರಿಗಳು ನನ್ನನ್ನು ಷೆಡ್ಡಿಗೆ ಕಳಿಸಿದರು. ಸಾಹುಕಾರರು ಟ್ರಿಪ್ ಶೀಟುಗಳ ಕಟ್ಟನ್ನು ನನ್ನ ಮುಂದೆ ತಳ್ಳಿದರು. ಹತ್ತು ದಿನದ ಪ್ರತಿ ಸುತ್ತನ್ನೂ ಕಂಡಕ್ಟರು ನಿಯಮದಂತೆ, ಪೆನ್ಸಿಲು ಒತ್ತಿ ಬರೆದಿದ್ದರು. ಕೊನೆಯ ಹಾಳೆಯನ್ನೇ ನಾನು ಕಡತಕ್ಕೆ ಸೇರಿಸಿದೆ.

"ಹೊರಟ ಜಾಗ: ಕೆರೆ. ಪ್ಯಾಸೆಂಜರು: ಒಂದು ಹೆಂಗಸು. ಲಗೇಜು: ಆಕೆಯ ಗದ್ದೆ."